ಹದಿಮೂರನೆಯ ದಿನದ ಶಾಟ್

9 ಜನವರಿ 2025, ಗುರುವಾರ. ಭಾಲ್ಕಿ, ಬೆಳಿಗ್ಗೆ 10.20

ಲೆನ್ಸ್ ಒರೆಸುತ್ತ ಕೂತಿದ್ದೇನೆ. ನಿನ್ನೆಯ ಮದುವೆಯ ಅರಿಶಿನ 35 ಎಂಎಂ ಲೆನ್ಸಿನ ಅಂಚಿಗೆ ಅಂಟಿದೆ, ಹೋಗುತ್ತಿಲ್ಲ. ಮದುವೆಯಲ್ಲಿ ಮೂರು ಜನ “ಮೇಡಂ, ಸೈಡ್” ಅಂದರು. ನಾಲ್ಕನೆಯವನು ಅನ್ನಲೂ ಇಲ್ಲ, ಹೆಗಲು ಹಿಡಿದು ಸರಿಸಿದ. ದೊಡ್ಡ ಕ್ಯಾಮೆರಾ ಹೊತ್ತ ಗಂಡಸಿಗೆ ಜನ ತಾವಾಗಿ ಜಾಗ ಬಿಡುತ್ತಾರೆ. ನಮ್ಮದು ಅಂಗೈಯಗಲದ ಕ್ಯಾಮೆರಾ. ಅದನ್ನು ಹಿಡಿದ ಹುಡುಗಿ ಅವರ ಕಣ್ಣಿಗೆ ಮೊಬೈಲ್ ಹಿಡಿದ ಯಾರೋ ನೆಂಟಳು. ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಎಂ.ಎ. ಕನ್ನಡ, ಫಸ್ಟ್ ಕ್ಲಾಸ್. ಬೇಕಾದಾಗ ಬಾಯಲ್ಲಿ ಒಂದು ವಾಕ್ಯವಿಲ್ಲ.

ಪರಾಗ ಈಗ ಬಂದ. ಎಂ.ಎ.ಯಲ್ಲಿ ನನ್ನ ಜೊತೆಗಿದ್ದವನು. ಸ್ಟುಡಿಯೊ ಅವನದು, ಕ್ಯಾಮೆರಾ ಅವನದು. ಶೂಟಿಂಗ್ ನಾನು, ಎಡಿಟಿಂಗ್ ಅವನು. ಬೀದರಿನ ಒಂದು ಮಹಿಳಾ ಸಂಘ ಕಿರುಚಿತ್ರ ಸ್ಪರ್ಧೆ ಇಟ್ಟಿದೆಯಂತೆ. ವಿಷಯ: ಊರನ್ನು ಸಾಕಿದ ಹೆಂಗಸರು. ಐದು ನಿಮಿಷದೊಳಗೆ. ಫೆಬ್ರುವರಿ ಹತ್ತು ಕೊನೆಯ ದಿನ.

“ನಿಮ್ಮ ಆಯಿ ಮ್ಯಾಲ ಮಾಡೋಣ,” ಅಂದ.

ಆಯಿ ಅಂದರೆ ಅಪ್ಪನ ತಾಯಿ, ಕೇಶರಬಾಯಿ. ನಮ್ಮೂರು ಎಕಂಬಾದ ಸೂಲಗಿತ್ತಿ. ಈಗ ಹೆರಿಗೆಗಳೆಲ್ಲ ಔರಾದ ದವಾಖಾನೆಯಲ್ಲಿ. ಆದರೆ ಇಪ್ಪತ್ತೈದು ದಾಟಿದ ಎಕಂಬಾದವರು ಹೆಚ್ಚುಕಡಿಮೆ ಎಲ್ಲರೂ ಅವಳ ಕೈಗೇ ಬಿದ್ದವರು. ಪರಾಗನೂ. ಆ ಊರಿನ ದೊಡ್ಡ ಮನೆ ಅವನ ತಾಯಿಯ ತವರು.

“ನಿಮ್ಮ ಆಯಿ, ನಮ್ಮ ಅಲಕಾ ಮಾಮಿ, ಇಬ್ಬರೂ ಅಂಗಳದಾಗ ಕೂತು ಹಳೇ ಮಾತು ಆಡ್ಲಿ. ಸಿನಿಮ್ಯಾಟಿಕ್ ಬರಬೇಕ್ ನೋಡು. ಲೆನ್ಸ್ ನೀನೇ ಆರಿಸು.”

ಸಿನಿಮ್ಯಾಟಿಕ್! ಹಿಂದಿನ ಗೋಡೆ ಮಸುಕಾದರೆ ಸಿನಿಮ್ಯಾಟಿಕ್. ಮದುಮಗಳು ಅತ್ತರೆ ಸಿನಿಮ್ಯಾಟಿಕ್. ಬೀಗರು ಜಗಳವಾಡಿದರೆ ಮಾತ್ರ ಅಲ್ಲ, ಅದನ್ನು ಕತ್ತರಿಸಬೇಕು.

ನಮ್ಮಲ್ಲಿರುವುದು ಮೂರು ಲೆನ್ಸ್. 16 ಅಂಗಳವಿಡೀ ಹಿಡಿಯುತ್ತದೆ, ಆದರೆ ಮುಖ ಬೇಕೆಂದರೆ ಆ ಮುಖದ ಹತ್ತಿರ ಹೋಗಿ ನಿಲ್ಲಬೇಕು. ಅದಕ್ಕೆ ಫಂಗಸ್ ಹಿಡಿದು ಬೀದರಿನಲ್ಲಿ ರಿಪೇರಿಗೆ ಬಿದ್ದಿದೆ, ತರಲು ಯಾರಿಗೂ ಪುರುಸೊತ್ತಿಲ್ಲ. 35 ನಡುವಿನದು. 56 ದೂರದಿಂದ ಮುಖ ಹಿಡಿಯುತ್ತದೆ. ಎಲ್ಲೋ ಕಂಬದ ಹಿಂದೆ ನಿಂತರೂ ನಡೆಯುತ್ತದೆ. ಯಾರಿಗೂ ನಾನು ಕಾಣುವುದಿಲ್ಲ, ಯಾರೂ ಸರಿಸುವುದಿಲ್ಲ.

“56,” ಅಂದೆ. ಯೋಚನೆಯನ್ನೇ ಮಾಡಲಿಲ್ಲ.

19 ಜನವರಿ, ಭಾನುವಾರ. ಎಕಂಬಾ, ಮಧ್ಯಾಹ್ನ 1.15

ಮುಗಿಯಿತು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ತಲೆ ಸುಡುತ್ತಿದೆ. ಕ್ಯಾಮೆರಾ ಬಿಸಿಲಿಗೆ ಎರಡು ಸಲ ಕಾದು ಬಂದ್ ಆಯಿತು. ಪರಾಗ ಒದ್ದೆ ಟಾವೆಲ್ ಸುತ್ತಿ ಗಾಳಿ ಹಾಕುತ್ತಿದ್ದ. ಅಷ್ಟು ಕಾಳಜಿ ಮನುಷ್ಯರಿಗೆ ಮಾಡಿದ್ದನ್ನು ನೋಡಿಲ್ಲ.

ನನ್ನ ಸ್ಟ್ಯಾಂಡ್ ದೊಡ್ಡ ಮನೆಯ ಗೇಟಿನ ಹತ್ತಿರ. ಚಿಕ್ಕ ಕ್ಯಾಮೆರಾಕ್ಕೆ 56 ಹಾಕಿದರೆ ಉಸಿರಾಡಿದರೂ ಚಿತ್ರ ನಡುಗುತ್ತದೆ, ಸ್ಟ್ಯಾಂಡ್ ಬೇಕೇ ಬೇಕು. ಆಯಿ ಬೇವಿನ ಕೆಳಗಿನ ತನ್ನ ಕಲ್ಲಿನ ಮೇಲೆ ಕೂತಳು, ನನಗೆ ಅರ್ಧ ಮುಖ ಮಾಡಿ. ಅಲಕಾಬಾಯಿ ಆಚೆ, ಪಡಸಾಲೆಯ ಮೆಟ್ಟಿಲ ಮೇಲೆ. ಇಬ್ಬರೂ ಸ್ಪಷ್ಟ ಬರಲಿ ಅಂತ ಬ್ಲರ್ ಕಡಿಮೆ ಮಾಡಿಟ್ಟೆ. ಪರಾಗನಿಗೆ ಸಮಾಧಾನವಿಲ್ಲ.

ಮಾತು ಮಾತ್ರ ತಾನಾಗಿಯೇ ಹರಿಯಿತು.

“ಕೇಶರಬಾಯಿ, ನಮ್ಮ ಸಣ್ಣಾಂವ ಹುಟ್ಟೋ ಮುಂದ ಎಷ್ಟು ಬೈದಿದ್ದಿ ನನಗ, ನೆನಪದ ಏನು?” ಅಲಕಾಬಾಯಿ ಅಷ್ಟು ದೂರದಿಂದ ಕೂಗಿ ಕೇಳಿದರು.

“ಬೈಲಾರದೇ ಏನ್ರಿ?” ಆಯಿಯೂ ಕೂಗಿದಳು. “ಜೋರ್ ಹಾಕ್ರಿ ಅಂದ್ರ ಒಲಿ ಮ್ಯಾಲ ಹಾಲು ಉಕ್ಕಲತ್ತಾವ ಅಂತ ಒದರ್ಲತ್ತಿದ್ದಿರಿ!”

“ಮತ್ತ ಉಕ್ಕಿದ್ದು ಖರೇನ!”

“ಉಕ್ಕಲಿ ಬಿಡ್ರಿ. ಹಾಲು ಮತ್ತ ಸಿಗ್ತಾವ. ಕೂಸಿನ ತಲಿ ಅಲ್ಲೇ ನಿಂತಿತ್ತು!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಪರಾಗ ನನಗೆ ಹೆಬ್ಬೆರಳು ತೋರಿಸಿದ.

ಆಯಿಗೆ ಎಪ್ಪತ್ತಾರು, ಅಲಕಾಬಾಯಿಗೆ ಅರವತ್ತು. ಆಯಿ ‘ರಿ’ ಹಚ್ಚುತ್ತಾಳೆ, ಅಲಕಾಬಾಯಿ ‘ನೀ’ ಅನ್ನುತ್ತಾರೆ. ಹೊಸದೇನಲ್ಲ. ಆದರೂ ಹೆಡ್‌ಫೋನ್‌ನಲ್ಲಿ ಕೇಳಿದಾಗ ಚುಚ್ಚಿತು. ಹೆಡ್‌ಫೋನ್ ಎಲ್ಲವನ್ನೂ ಹತ್ತಿರ ತರುತ್ತದೆ.

ನನಗೂ ಚಹಾ ಬಂತು. ಗೇಟಿಗೇ.

22 ಜನವರಿ, ಬುಧವಾರ. ಭಾಲ್ಕಿ, ಬೆಳಿಗ್ಗೆ 11.40

ಸ್ಟುಡಿಯೊದಿಂದ ಎದ್ದು ಬಂದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗುತ್ತಿವೆ, ಆಗಲಿ.

“ಏ ಪೂನಮ, ಬಾ, ನೋಡ್ ಇಲ್ಲಿ!” ಪರಾಗ ಹಾಡಿನ ದನಿಯಲ್ಲಿ ಕರೆದ. ದೊಡ್ಡ ಪರದೆ. ಆಯಿಯ ಹೆಗಲಿನ ಹಿಂದೆಯೇ ಅಲಕಾಬಾಯಿಯ ಮುಖ. ಸ್ವಲ್ಪ ಮೇಲೆ, ಸ್ವಲ್ಪ ಓರೆ. ಗಲ್ಲ ಇನ್ನೇನು ಹೆಗಲಿಗೆ ತಾಗಬೇಕು. ಇಬ್ಬರೂ ನಗುತ್ತಿದ್ದಾರೆ. ಎದೆಯಿಂದ ಕೆಳಗೆ ಫ್ರೇಮ್ ಇಲ್ಲ. ಕಲ್ಲಿಲ್ಲ, ಮೆಟ್ಟಿಲಿಲ್ಲ, ಅಂಗಳವೇ ಇಲ್ಲ.

“ಅಕ್ಕ ತಂಗಿ ತಲಿ ಹಿಕ್ಕಲಿಕ್ಕ ಕೂತಂಗ ಕಾಣ್ತದ ನೋಡು,” ಅಂದ ಪರಾಗ. “ಇದೇ ಪೋಸ್ಟರ್. ನೀ ವಾಯ್ಸ್ ಓವರ್ ಬರಿ. ಒಂದೇ ಅಂಗಳದ ಇಬ್ಬರು ತಾಯಂದಿರು, ಅಂತ ಶುರು ಮಾಡು.”

“ಹಿಂಗ ಇಲ್ಲ,” ಅಂದೆ.

“ಏನ್ ಹಿಂಗ ಇಲ್ಲ?”

“ಅವರು ಹಿಂಗ ಕೂತಿದ್ದಿಲ್ಲ.”

“ಅದೇ ಮಜಾ ಅಲ್ಲೇನ! ಲೆನ್ಸ್ ದೂರ ಇದ್ದದ್ದು ಹತ್ತರ ತಂದದ.”

ಆ ಕಲ್ಲಿನಿಂದ ಆ ಮೆಟ್ಟಿಲಿಗೆ ಹನ್ನೆರಡು ಹೆಜ್ಜೆ. ಚಿಕ್ಕವಳಿದ್ದಾಗ ಆಯಿಯ ಸೆರಗು ಹಿಡಿದು ಅಲ್ಲಿ ಕೂತು ಬೇಜಾರಾದಾಗಲೆಲ್ಲ ಕಣ್ಣಲ್ಲೇ ಎಣಿಸಿದ್ದೇನೆ. ಪರದೆಯ ಮೇಲೆ ಅದು ಒಂದು ಬೆರಳಿನಷ್ಟೂ ಇಲ್ಲ.

ಹೇಳಬೇಕಿತ್ತು: ನಿಮ್ಮ ಮನೆಯಲ್ಲಿ ಹೆರಿಗೆಯಾದಾಗಲೆಲ್ಲ ಹನ್ನೆರಡು ದಿನ ಸೂತಕ. ಆ ಹನ್ನೆರಡು ದಿನ ನಮ್ಮ ಆಯಿ ಒಳಗೆ. ಬಾಣಂತಿಯ ಕೋಣೆಯಲ್ಲೇ ಊಟ, ಅಲ್ಲೇ ನಿದ್ದೆ. ಕಾಲು ಚಾಚಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವವಳು ಅವಳು. ಹದಿಮೂರನೆಯ ದಿನ ಮನೆ ಸಾರಿಸಿ, ನೀರು ಚಿಮುಕಿಸಿ, ಶುದ್ಧ ಮಾಡುತ್ತಾರೆ. ಆಯಿ ಹೊರಗೆ. ಕೂಸಿಗೆ ಹೆಸರಿಡುವುದನ್ನು ಬೇವಿನ ಕೆಳಗಿನ ಕಲ್ಲಿನ ಮೇಲೆ ಕೂತು ನೋಡುವುದು. ಸೀರೆ, ಜೋಳ, ಎಲ್ಲ ಕೈ ತಾಗದಂತೆ ಮೇಲಿನಿಂದ ಸೆರಗಿಗೆ. ನಾವು ಬೌದ್ಧರು. ಮುತ್ತಜ್ಜನ ಕಾಲದಲ್ಲೇ ದೀಕ್ಷೆ ತಗೊಂಡವರು, ಮನೆಯಲ್ಲಿ ಈಗ ಇಬ್ಬರು ಪದವೀಧರರು, ಅಣ್ಣ ಸುಶೀಲಕುಮಾರ ಸರಕಾರಿ ನೌಕರ. ಆ ಅಂಗಳಕ್ಕೆ ಇದ್ಯಾವುದೂ ಇನ್ನೂ ತಲುಪಿಲ್ಲ.

ಇಷ್ಟನ್ನೂ ಹೇಳಬೇಕಿತ್ತು. “ತಲಿ ನೋಯ್ಲತ್ತದ” ಅಂದು ಎದ್ದು ಬಂದೆ.

ತಲೆ ಹಿಕ್ಕುತ್ತಾರಂತೆ! ನಲವತ್ತು ವರ್ಷದಲ್ಲಿ ಆಯಿಯ ತಲೆ ಮುಟ್ಟಿದ್ದಾರಾ?

23 ಜನವರಿ. ಬೀದರ, ಅಣ್ಣನ ಮನೆ

ವಾಯ್ಸ್ ಓವರ್: “ಒಂದೇ ಅಂಗಳದ” —

ಹರಿದು ಹಾಕಿದೆ. ಅತ್ತಿಗೆ ಸಪನಾ ಬಂದು, “ಯಾರ ಮ್ಯಾಲ ಸಿಟ್ಟ ಪೂನಮ? ಕಾಗದ ಏನ್ ಮಾಡ್ಯಾವ?” ಅಂದಳು. ಅತ್ತಿಗೆಯ ಮೇಲೂ ಸಿಟ್ಟು ಬಂತು. ನಾಲ್ಕು ದಿನ ಸ್ಟುಡಿಯೊಗೆ ಹೋಗುವುದಿಲ್ಲ.

27 ಜನವರಿ, ಸೋಮವಾರ. ಬೀದರ, ಸಂಜೆ 5

ಚೌಬಾರಾದ ಹತ್ತಿರ ಅಬ್ದುಲ ವಾಹೀದ ಚಾಚಾನ ರಿಪೇರಿ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವರು ರಸ್ತೆಯಲ್ಲಿ. 16 ತರಲು ಹೋಗಿದ್ದೆ. ನಿಜವಾಗಿ 56ರ ಮೇಲೆ ದೂರು ಹೇಳಲು ಹೋಗಿದ್ದೆ. ಇಲ್ಲಿ ಮಾತ್ರ ನನಗೆ ಮಾತು ಬರುತ್ತದೆ, ಯಾಕೆಂದರೆ ಚಾಚಾ ಮಾತನಾಡುವಾಗ ಮುಖ ನೋಡುವುದಿಲ್ಲ, ಕೈಯಲ್ಲಿನ ಸ್ಕ್ರೂ ನೋಡುತ್ತಾನೆ.

ಎಲ್ಲ ಹೇಳಿದೆ. ಲೆನ್ಸ್ ಸುಳ್ಳು ಹೇಳಿತು ಅಂದೆ.

“ಅರೇ ಬೇಟಿ, ಬಿಚಾರಿ ಲೆನ್ಸಿನ ಕಾಜಿಗಿ ಯಾಕ ಬೈತಿ?”

ಕುಡಿದಿಟ್ಟ ಎರಡು ಚಹಾ ಗ್ಲಾಸ್ ತಗೊಂಡ. ಒಂದನ್ನು ಕೌಂಟರಿನ ರಸ್ತೆಯ ಕಡೆಯ ತುದಿಗಿಟ್ಟ, ಒಂದನ್ನು ಒಳಗಿನ ತುದಿಗೆ. ನಾನು ಒಯ್ದಿದ್ದ, 56 ಹಚ್ಚಿದ ಕ್ಯಾಮೆರಾ ನನ್ನ ಕೈಗೆ ಕೊಟ್ಟು, “ರಸ್ತೇಕ್ ಹೋಗು. ಆಚೀ ಕಡಿ ಚಪ್ಪಲ್ ಅಂಗಡಿ ತನಕ ಹೋಗಿ ನೋಡು,” ಅಂದ. ಹೋದೆ. ಸೈಕಲ್ಲು, ಆಟೋಗಳ ನಡುವೆ ನಿಂತು ನೋಡಿದೆ. ಎರಡು ಗ್ಲಾಸ್ ಒಂದಕ್ಕೊಂದು ತಾಗಿಕೊಂಡು ನಿಂತಿವೆ.

“ಈಗ ಅದೇ ಲೆನ್ಸ್ ತಗೊಂಡು ಒಳಗ ಬಾ. ಹತ್ತರ ಬಾ. ಇನ್ನಾ ಹತ್ತರ.”

ಗ್ಲಾಸ್‌ಗಳ ನಡುವಿನ ಕೌಂಟರು ಬಾಯಿ ತೆರೆಯಿತು.

“ನೋಡಿದ್ಯಾ? ಲೆನ್ಸ್ ಅದೇ. ಬದಲಾದದ್ದು ನಿನ್ನ ಕಾಲು,” ಅಂದ ಚಾಚಾ. “ಅಂತರ ಅನ್ನೋದು ಕಾಜಿನಾಗ ಇಲ್ಲ ಬೇಟಿ. ನೀ ನಿಂತ ಜಾಗಾದಾಗ ಅದ. ಅಷ್ಟು ದೂರ ಯಾಕ ನಿಂತಿದ್ದಿ?”

ಕ್ಯಾಮೆರಾ ಕೌಂಟರಿನ ಮೇಲಿಟ್ಟೆ. ಉತ್ತರ ಗೊತ್ತಿತ್ತು.

ಗೇಟಿನಲ್ಲಿ ಯಾಕೆ ನಿಂತೆ? ಒಳಗೆ ಬರಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಅಪ್ಪ ಆ ಮನೆಗೆ ಹೋದರೆ ಅದೇ ಗೇಟಿನ ಅದೇ ಕಂಬ ಹಿಡಿದು ನಿಲ್ಲುತ್ತಾನೆ. ನಾನು ಸ್ಟ್ಯಾಂಡ್ ಊರಿದ್ದು ಆ ಕಂಬದ ಬುಡದಲ್ಲೇ. 56 ಅನ್ನುವುದನ್ನು ನಾನು ಮುಖಕ್ಕಾಗಿ ಆರಿಸಲಿಲ್ಲ. ಒಳಗೆ ಹೆಜ್ಜೆ ಇಡಬೇಕಾಗುವುದಿಲ್ಲ ಅಂತ ಆರಿಸಿದೆ. ನಾಚಿಕೆ ಸ್ವಭಾವ ಅಂತ ಎಲ್ಲರೂ ಅನ್ನುತ್ತಾರೆ, ನಾನೂ ಅದನ್ನೇ ನಂಬಿದ್ದೆ. ಆ ಅಂಗಳವನ್ನು ಅಳಿಸಿದ್ದು ಪರಾಗನೂ ಅಲ್ಲ, ಕಾಜೂ ಅಲ್ಲ — ನಾನು.

ಥೂ.

ಚಾಚಾ 16 ಒರೆಸಿ ಕೈಗಿಟ್ಟ. ಫಂಗಸ್ ಪೂರ್ತಿ ಹೋಗಿಲ್ಲವಂತೆ, ಒಂದು ಮೂಲೆಯಲ್ಲಿ ಜೇಡನ ಬಲೆಯಷ್ಟು ಉಳಿದಿದೆ. “ಇದಕ್ಕ ಸ್ಟ್ಯಾಂಡ್ ಬ್ಯಾಡ. ನಡಗೋ ಕೈಗಿ ಇದು ಮಾಫ್ ಮಾಡ್ತದ. ಆದ್ರ ದೂರ ನಿಂತೋರಿಗಿ ಮಾಫ್ ಮಾಡಂಗಿಲ್ಲ, ಅಷ್ಟೇ.”

2 ಫೆಬ್ರುವರಿ, ಭಾನುವಾರ. ಎಕಂಬಾ, ಬೆಳಿಗ್ಗೆ 8.30

ಒಂದೆರಡು ವೈಡ್ ಶಾಟ್ ಬೇಕು ಅಂತ ಪರಾಗನಿಗೆ ಹೇಳಿದೆ. ಖುಷಿಯಾಗಿ ಒಪ್ಪಿದ. ನೇರ ಮಾಮಿಯ ಮನೆಗೆ ಹೋದ, ಚುರುಮುರಿ ಸುಸಲಾ ತಿನ್ನಲು. ನಾನು ಮೊದಲು ನಮ್ಮ ಮನೆಗೆ.

ಆಯಿಗೆ ಮೊಬೈಲಿನಲ್ಲಿ ಆ ಶಾಟ್ ತೋರಿಸಿದೆ. ನೋಡಿ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿ ಅಂತ ಆಸೆಯೂ ಇತ್ತು.

“ಇನ್ನೊಮ್ಮಿ ಹಚ್ಚು,” ಅಂದಳು.

ಮೂರು ಸಲ ಹಚ್ಚಿಸಿದಳು. ಮೂರನೆಯ ಸಲ ಪರದೆಯ ಮೇಲಿನ ಅಲಕಾಬಾಯಿಯ ಕೆನ್ನೆಗೆ ಬೆರಳು ಒತ್ತಿದಳು. ವಿಡಿಯೊ ನಿಂತುಹೋಯಿತು.

“ಆಯಿ, ಇದು ಸುಳ್ಳದ,” ಅಂದೆ. ದನಿ ಏರಿತ್ತು. “ಆಕಿ ನಿನ್ನ ಬಾಜೂಕ ಕೂತೇ ಇಲ್ಲ. ಕ್ಯಾಮೆರಾ ಹಂಗ ಮಾಡ್ಯದ.”

“ಯಾಕ ಚೀರ್ತಿ? ನನಗ ಗೊತ್ತಿಲ್ಲೇನು ನಾ ಎಲ್ಲಿ ಕೂತಿದ್ದೆ ಅಂತ?” ಅಂದಳು ಆಯಿ. “ಪೂರಾ ಸುಳ್ಳೂ ಅಲ್ಲ ಇದು. ಹನ್ನೆರಡು ದಿನ ಹಿಂಗೇ ಇರ್ತಿದ್ವಿ. ಹಿಂಗೇ ನಗ್ತಿದ್ವಿ. ಆಕಿ ತಲಿ ನನ್ನ ತೊಡಿ ಮ್ಯಾಲ ಇರ್ತಿತ್ತು.”

ಪರದೆಯ ಮೇಲಿನ ಬೆರಳು ತೆಗೆದಳು.

“ಇದರಾಗ ಹದಿಮೂರನೇ ದಿನ ಇಲ್ಲ, ಅಷ್ಟೇ,” ಅಂದಳು. ಮೊಬೈಲು ತಿರುಗಿ ಕೊಟ್ಟಳು. “ಅದನ್ನೂ ತಗಿ. ಎರಡೂ ಇರ್ಲಿ.”

ಸೀರೆ ಬದಲಿಸುತ್ತಿದ್ದಾಳೆ. ನಾನು ಕ್ಯಾಮೆರಾಕ್ಕೆ 16 ಹಚ್ಚಿ ಕೂತಿದ್ದೇನೆ.

ಅದೇ ದಿನ, 12.50

ಒಳಗೆ ಹೋದೆ.

ಇಷ್ಟು ಬರೆಯಲು ಹತ್ತು ನಿಮಿಷ ಹಿಡಿಯಿತು. ಗೇಟು ದಾಟಿ, ಕಂಬ ದಾಟಿ, ಆಯಿಯ ಕಲ್ಲನ್ನೂ ದಾಟಿ, ನಡು ಅಂಗಳದಲ್ಲಿ ಒಂದು ಬದಿಗೆ ನಿಂತೆ. ಎಡಕ್ಕೆ ಆಯಿ, ಬಲಕ್ಕೆ ಅಲಕಾಬಾಯಿ, ನಡುವೆ ಖಾಲಿ ನೆಲ. 16ರಲ್ಲಿ ಎಲ್ಲ ಬಂತು. ಮೆಟ್ಟಿಲು, ಕಲ್ಲು, ಗೇಟಿನ ಪಕ್ಕದ ಗೋಡೆಯ ಗೂಡು, ಅದರಲ್ಲಿ ಬೋರಲಿಟ್ಟ ಸ್ಟೀಲಿನ ಗ್ಲಾಸು. ಆಯಿಗೆಂದೇ ಇಟ್ಟ ಗ್ಲಾಸು. ರೆಕಾರ್ಡ್ ಒತ್ತಿದೆ.

ಆಯಿ ತಾನಾಗಿ ಎದ್ದು ಗೂಡಿನಿಂದ ಗ್ಲಾಸ್ ತಂದಳು. ಮನೆಯ ಕೆಲಸದ ಮರಿಯಮಬೀ ಬಂದು ಮೇಲಿನಿಂದ ಚಹಾ ಸುರಿದು ಹೋದಳು.

ಅಲಕಾಬಾಯಿ ನನ್ನನ್ನೇ ನೋಡುತ್ತಿದ್ದರು. “ಏ ಪೂನಮ, ಅವತ್ತು ಗೇಟಿನಾಗ ನಿಂತಿದ್ದಿ. ಇವತ್ತು ಇಷ್ಟು ಹತ್ತರ ಯಾಕ ಬಂದಿ?”

“ಇದು ಬ್ಯಾರೆ ಲೆನ್ಸ್ ಅದ ರಿ, ಬಾಯಾರ.”

“ಇದರಾಗ ಏನೇನ್ ಕಾಣ್ತದ?”

“ಎಲ್ಲಾ ಕಾಣ್ತದ ರಿ.”

“ಎಲ್ಲಾ ಅಂದ್ರ?”

ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. “ಮೆಟ್ಟಲಾ, ಕಲ್ಲಾ, ಆ ಗೂಡ. ಆಯಿ ಕೈಯಾಗಿನ ಗ್ಲಾಸ್.”

ಅಲಕಾಬಾಯಿ ಗೂಡಿನ ಕಡೆ ನೋಡಿದರು. ಅದನ್ನು ಈ ಮೊದಲು ನೋಡಿಯೇ ಇಲ್ಲವೇನೋ ಅನ್ನುವಂತೆ. ಮುಖಕ್ಕೆ ಬಣ್ಣ ಏರಿತು. ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ತುಸು ಸರಿದರು. ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ.

“ಕೇಶರಬಾಯಿ, ಮ್ಯಾಲ ಬಾ. ಇಲ್ಲಿ ಕೂಡು. ಫೋಟೋದಾಗ ಛಂದ ಕಾಣಬೇಕಲ್ಲ.”

ಆಯಿ ಏಳಲಿಲ್ಲ. ಚಹಾ ಊದಿದಳು. ಒಂದು ಗುಟುಕು ಕುಡಿದಳು. ಸಿಟ್ಟಿಲ್ಲ ಅವಳ ದನಿಯಲ್ಲಿ, ನನ್ನಂತಲ್ಲ. ದಾರಿ ಕೇಳಿದಂತೆ ಕೇಳಿದಳು:

“ಕೂಡ್ತೇನಿ ರಿ. ಫೋಟೋ ಮುಗಿದ ಮ್ಯಾಲ ಎಲ್ಲಿ ಕೂಡ್ಲಿ?”

ಬೇವಿನ ಎಲೆ ಉದುರುವುದು ಮೈಕಿನಲ್ಲಿ ಕೇಳಿಸುತ್ತಿತ್ತು. ಪರಾಗ ಸುಸಲಾದ ತಾಟು ಹಿಡಿದು ಬಾಗಿಲಿಗೆ ಬಂದ. “ಕಟ್, ಪೂನಮ. ಕಟ್,” ಅಂದ. ನಾನು ಕಟ್ ಮಾಡಲಿಲ್ಲ. ಅಲಕಾಬಾಯಿ ಸರಿದು ಬಿಟ್ಟ ಜಾಗ ಹಾಗೆಯೇ ಖಾಲಿ. ತಿರುಗಿ ಅಲ್ಲಿಗೆ ಸರಿಯಲೂ ಆಗದೆ, ಎದ್ದು ಹೋಗಲೂ ಆಗದೆ ಕೂತರು.

ಆಯಿ ಚಹಾ ಪೂರ್ತಿ ಕುಡಿದಳು. ತಂಬಿಗೆಯ ನೀರಿನಲ್ಲಿ ಗ್ಲಾಸು ತೊಳೆದಳು. ಗೂಡಿನಲ್ಲಿ ಬೋರಲಿಟ್ಟಳು. ಬಂದು ಮತ್ತೆ ಕಲ್ಲಿನ ಮೇಲೆ ಕೂತಳು.

ನಾಲ್ಕು ನಿಮಿಷ ಹತ್ತು ಸೆಕೆಂಡು. ಒಂದೇ ಶಾಟ್. ಕೈ ನಡುಗಿದೆ. 16 ಮಾಫ್ ಮಾಡಿದೆ.

ಪರಾಗ ಮೆಟ್ಟಿಲಿಳಿದು ಬರುವುದರೊಳಗೆ ಮೆಮೊರಿ ಕಾರ್ಡ್ ತೆಗೆದೆ. ಕ್ಯಾಮೆರಾ ಅವನ ಕೈಗೆ ಕೊಟ್ಟೆ. ಕಾರ್ಡ್ ಈ ಡೈರಿಯ ಹಿಂದಿನ ರಟ್ಟಿನ ಕಿಸೆಯಲ್ಲಿದೆ. ಬರೆಯುವಾಗ ಬೆರಳಿಗೆ ತಾಗುತ್ತದೆ.

4 ಫೆಬ್ರುವರಿ, ಮಂಗಳವಾರ. ಬೀದರ, ಬೆಳಿಗ್ಗೆ 9

ಪರಾಗನ ಫೋನ್. ಆರನೆಯ ಸಲಕ್ಕೆ ಎತ್ತಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

“ಕಾರ್ಡ್ ಕೊಡು.”

“ಕೊಡಂಗಿಲ್ಲ.”

“ಕ್ಯಾಮೆರಾ ನಂದು ಪೂನಮ. ಲೆನ್ಸ್ ನಂದು.”

“ಆಯಿ ನನ್ನಾಕಿ.”

ಅವನು ದನಿ ತಗ್ಗಿಸಿದ. “ಮಾಮಿ ಕೆಟ್ಟಾಕಿ ಅಲ್ಲ. ಆಕಿ ಮ್ಯಾಲ ಬಾ ಅಂದಳಲ್ಲ?”

“ಕ್ಯಾಮೆರಾ ನೋಡಿ ಅಂದಳು.”

“ಅಂದಳೋ ಇಲ್ಲೋ? ನಿಮ್ಮ ಆಯಿನೇ ಏಳಲಿಲ್ಲ. ಎಲ್ಲದರಾಗೂ ಇದನ್ನೇ ಹುಡುಕ್ತೀರಿ ನೀವು.”

‘ನೀವು.’ ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ‘ನೀವು’ ಆದೆ, ನಮ್ಮ ಕೇರಿಯೆಲ್ಲ ಸೇರಿ. ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡವನು. ನಮ್ಮ ಆಯಿಯ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವನು.

“ಅದು ಹೊರಗ ಬಂದ್ರ ಆ ಮನಿಗಿ ನಾ ಹ್ಯಾಂಗ ಹೋಗ್ಲಿ, ಅದಾದ್ರೂ ಹೇಳು,” ಅಂದ.

“ನಮ್ಮ ಆಯಿ ಹೋದಂಗ ಹೋಗು,” ಅಂದೆ. “ಕಲ್ಲಿನ ತನಕ.”

ಇಟ್ಟುಬಿಟ್ಟೆ. ಕೆಲಸ ಹೋಯಿತು. ಬಹುಶಃ ಗೆಳೆಯನೂ ಹೋದ. ಇಪ್ಪತ್ತನಾಲ್ಕು ವರ್ಷಕ್ಕೆ ಒಂದು ವಾಕ್ಯ ಸರಿಯಾದ ಹೊತ್ತಿಗೆ ಬಾಯಿಗೆ ಬಂತು. ಖುಷಿ ಇಲ್ಲ. ಸಿಟ್ಟು ಹಾಗೇ ಇದೆ. ಬಾಯಿಬಿಟ್ಟರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ.

10 ಫೆಬ್ರುವರಿ, ಸೋಮವಾರ. ಬೀದರ, ಮಧ್ಯಾಹ್ನ 3.30

ಚಾಚಾನ ಅಂಗಡಿಯ ಹಳೆಯ ಕಂಪ್ಯೂಟರಿನಿಂದ ಕಳಿಸಿದೆ. ಸಂಗೀತವಿಲ್ಲ, ವಾಯ್ಸ್ ಓವರ್ ಇಲ್ಲ, ಕತ್ತರಿಯಿಲ್ಲ. ಇದ್ದ ಹಾಗೆ ಒಂದೇ ಶಾಟ್. ಎಡಮೂಲೆಯಲ್ಲಿ ಫಂಗಸಿನ ಮಸುಕು. ಹೆಸರು: ಹದಿಮೂರನೆಯ ದಿನ.

ಚಾಚಾ ಪೂರ್ತಿ ನೋಡಿದ. ಮೊದಲ ಸಲ ಸ್ಕ್ರೂ ಕೆಳಗಿಟ್ಟ. “ಇದಕ್ಕ ಸಿನಿಮಾ ಅಂತಾರೋ ಇಲ್ಲೋ ಗೊತ್ತಿಲ್ಲ ಬೇಟಿ,” ಅಂದ.

ಪರಾಗನೂ ತನ್ನದನ್ನು ಕಳಿಸಿದ್ದಾನಂತೆ, 56ರದ್ದು. ಕ್ಯಾಮೆರಾ: ಪೂನಮ ಅಂತ ಹಾಕಿದ್ದಾನಂತೆ. ತೆಗೆ ಅಂತ ಮೆಸೇಜ್ ಟೈಪ್ ಮಾಡಿ ಅಳಿಸಿದೆ. ಯಾಕೆ ತೆಗೆಸಲಿ? ಗೇಟಿನಲ್ಲಿ ನಿಂತಿದ್ದು ನಾನೇ.

ಕಳಿಸುವ ಮೊದಲು ಆಯಿಗೆ ಫೋನ್ ಮಾಡಿ ಕೇಳಿದೆ. “ಅಲಕಾಬಾಯಿ ಬರ್ತಾಳೇನು ನೋಡ್ಲಿಕ್ಕ?” ಅಂದಳು. ಗೊತ್ತಿಲ್ಲ ಅಂದೆ. “ಬರ್ಲಿ,” ಅಂದಳು.

ಅಲಕಾಬಾಯಿಯನ್ನೂ ಕೇಳಬೇಕಿತ್ತು. ಕೇಳಲಿಲ್ಲ. ಸರಿಯಲ್ಲ ಇದು, ಗೊತ್ತು. ಆದರೆ ಆ ಕಲ್ಲಿನ ಬಗ್ಗೆ ಐವತ್ತು ವರ್ಷದಲ್ಲಿ ಆಯಿಯನ್ನು ಯಾರು ಕೇಳಿದರು?

2 ಮಾರ್ಚ್, ಭಾನುವಾರ. ಬೀದರ, ಬೆಳಿಗ್ಗೆ 11.35

ಸಭಾಂಗಣ. ಎರಡನೆಯ ಸಾಲು. ಡೈರಿ ತೊಡೆಯ ಮೇಲಿದೆ. ಇಪ್ಪತ್ತು ದಿನ ಏನೂ ಬರೆದಿಲ್ಲ, ಈಗ ಬರೆಯದಿದ್ದರೆ ಕೂಡಲು ಆಗುವುದಿಲ್ಲ.

ಎರಡು ಚಿತ್ರಗಳನ್ನೂ ಆರಿಸಿದ್ದಾರೆ. ಆಯಿ ನನ್ನ ಮುಂದಿನ ಸಾಲಿನಲ್ಲಿ, ಬಿಳಿ ಸೀರೆ. ಅಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದಾನೆ. ಕುರ್ಚಿ ಖಾಲಿ ಇವೆ, ಕರೆದರೂ ಬರುತ್ತಿಲ್ಲ. ಅವನ ಮೇಲೂ ಸಿಟ್ಟು.

ಅಲಕಾಬಾಯಿ ಪರಾಗನ ಜೊತೆ ಬಂದರು. ಜರಿ ಸೀರೆ. ಪರಾಗ ನನ್ನನ್ನು ನೋಡಿ ಮುಖ ತಿರುಗಿಸಿದ, ಆ ತುದಿಗೆ ಹೋಗಿ ಕೂತ. ಅಲಕಾಬಾಯಿ ಮುಂದಿನ ಸಾಲಿಗೆ ಬಂದರು. ಸುತ್ತ ನೋಡಿದರು. ಆಯಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಬಂದು ಕೂತುಬಿಟ್ಟರು. ನಡುವೆ ಒಂದು ಗೇಣೂ ಇಲ್ಲ. ಯಾವ ಲೆನ್ಸೂ ಇಲ್ಲ.

ಪರಾಗನದು ಈಗಷ್ಟೇ ಮುಗಿಯಿತು. ಆ ಹೆಗಲು, ಆ ಗಲ್ಲ, ಆ ನಗು. ಕೊಳಲು ಹಾಕಿದ್ದಾನೆ. ಜನ ಎದ್ದು ಚಪ್ಪಾಳೆ ಹೊಡೆದರು. ಅಲಕಾಬಾಯಿ ಕಣ್ಣೊರೆಸಿಕೊಂಡು ಆಯಿಯ ತೋಳು ಹಿಡಿದರು. ನಿಜಕ್ಕೂ ಹಿಡಿದರು, ನನ್ನ ಕಣ್ಣೆದುರಿಗೆ. ಇಲ್ಲಿ ಆಗುವುದು ಅಲ್ಲಿ ಯಾಕೆ ಆಗುವುದಿಲ್ಲ? ಬೀದರಿಗೂ ಎಕಂಬಾಕ್ಕೂ ಒಂದೇ ಬಸ್ಸು ಓಡಾಡುತ್ತದೆ.

ಮೈಕಿನಲ್ಲಿ ಅನ್ನುತ್ತಿದ್ದಾರೆ: ಮುಂದಿನ ಚಿತ್ರ ‘ಹದಿಮೂರನೆಯ ದಿನ’, ಎಕಂಬಾ ಗ್ರಾಮ.

ಅಲಕಾಬಾಯಿ ಆಯಿಯ ಕಡೆ ಬಾಗಿದರು. “ಇದೂ ನಮ್ಮೂರಿಂದೇ ಏನು? ಯಾರದಿದು?”

“ನಮ್ದೇ ಅದ ರಿ,” ಅಂದಳು ಆಯಿ. “ನಿಮ್ದು, ನಂದು. ಎದ್ದು ಹೋಗಬ್ಯಾಡ್ರಿ.”

ದೀಪ ಆರಿಸಿದರು. ಪರದೆಯ ಮೇಲೆ ಬೇವು, ಕಲ್ಲು, ಖಾಲಿ ನೆಲ. ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಅಲಕಾಬಾಯಿಯದು. ಆಯಿಯ ಕಡೆಗೋ, ಆಚೆಗೋ — ಕತ್ತಲಲ್ಲಿ ಕಾಣುತ್ತಿಲ್ಲ.